ಕೀನ್ಯಾದ ದೊಡ್ಡ ಡೈರಿ ಫಾರ್ಮ್: ಉಣ್ಣೆಗೂ ಒಣಗಾಲಕ್ಕೂ ಅಡ್ಡ ಕಟ್ಟಿದ ಬೇಲಿ

ಸಮಭಾಜಕ ವೃತ್ತ ಹಾದುಹೋಗುವ ದೇಶದಲ್ಲಿ ತಂಪು ಸೀಮೆಯ ಫ್ರೀಸಿಯನ್ ತಳಿಯ ಹಸು ಹೇಗೆ ಬಾಳುತ್ತದೆ? ಕೀನ್ಯಾದ ಹಾಲಿನ ಮಾತು ಬಂದಾಗ ಮೊದಲು ಏಳುವ ಪ್ರಶ್ನೆ ಇದು. ಉತ್ತರ ಅಲ್ಲಿನ ನೆಲದ ಎತ್ತರದಲ್ಲಿದೆ. ರಿಫ್ಟ್ ಕಣಿವೆಯ ನೈವಾಶಾ, ನಕುರು ಊರುಗಳು ಸಮುದ್ರ ಮಟ್ಟದಿಂದ ಸುಮಾರು 1,850–1,900 ಮೀಟರ್ ಮೇಲಿವೆ. ಓಟಗಾರರ ಊರೆಂದೇ ಹೆಸರಾದ ಎಲ್ಡೊರೆಟ್ 2,100 ಮೀಟರ್ ಎತ್ತರದಲ್ಲಿದೆ, ಮೊಲೊ 2,500ರ ಹತ್ತಿರ. ನಮ್ಮ ಮುಳ್ಳಯ್ಯನಗಿರಿಯ ತುದಿಯೇ 1,930 ಮೀಟರ್. ಅಂದರೆ ಅದರ ನೆತ್ತಿಯ ಮಟ್ಟದಲ್ಲಿ ನೂರಾರು ಎಕರೆ ಸಮತಟ್ಟಾದ ಹುಲ್ಲುಗಾವಲು ಹರಡಿಕೊಂಡಿದೆ ಎಂದುಕೊಳ್ಳಿ. ಬಯಲುಸೀಮೆಯ ಏಪ್ರಿಲ್ ಮಧ್ಯಾಹ್ನ ನಮ್ಮ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಹಸು ನಾಲಿಗೆ ಚಾಚಿ ಏದುಸಿರು ಬಿಡುವ ಪಾಡು ಅಲ್ಲಿಲ್ಲ. ಶಾಖದ ಕಾಟ ತಪ್ಪಿದ್ದರಿಂದಲೇ ಆ ದೇಶಕ್ಕೆ ಹಾಲಿನ ಹಸು ಒಗ್ಗಿತು.

ಶಾಖ ತಪ್ಪಿದರೂ ಇನ್ನೆರಡು ಕಾಟಗಳು ಉಳಿದವು. ಒಂದು ದನದ ಮೈಗೆ ಹತ್ತಿ ರಕ್ತ ಹೀರುವ ಉಣ್ಣೆ ಹುಳ, ಇನ್ನೊಂದು ಒಣಗಾಲ. ಕೀನ್ಯಾದ ದೊಡ್ಡ ಖಾಸಗಿ ಫಾರ್ಮ್‌ ಅರ್ಥವಾಗಬೇಕಾದರೆ ಈ ಎರಡನ್ನು ಹಿಡಿದುಕೊಂಡೇ ನೋಡಬೇಕು. ದೇಶದಲ್ಲಿ ವರ್ಷಕ್ಕೆ ಸುಮಾರು 500 ಕೋಟಿ ಲೀಟರ್ ಹಾಲಾಗುತ್ತದೆ. ಅದರ ಬಹುಪಾಲು ಎರಡು-ಮೂರು ಹಸು ಕಟ್ಟಿಕೊಂಡು ನೇಪಿಯರ್ ಹುಲ್ಲು ಕೊಯ್ದು ಹಾಕುವ ಸಣ್ಣ ರೈತರದ್ದು. ಮನೆಮಂದಿಯ ದುಡಿಮೆಗೆ ಲೆಕ್ಕ ಕಟ್ಟದ ಈ ರೈತ ಲೀಟರಿಗೆ ಹಾಕುವ ಖರ್ಚನ್ನು ದೊಡ್ಡ ಫಾರ್ಮ್ ಸರಿಗಟ್ಟುವುದು ಕಷ್ಟ. ಮಳೆಗಾಲದಲ್ಲಂತೂ ಆಗದ ಮಾತು. ದೊಡ್ಡ ಫಾರ್ಮಿನ ಬಂಡವಾಳವೇ ಬೇರೆ: ಮಳೆ ನಿಂತ ಮೇಲೂ ಇಳಿಯದ ಹಾಲು, ಮತ್ತು ಉಣ್ಣೆ ಜ್ವರಕ್ಕೆ ಸಾಯದೆ ಬೆಳೆದ ಕಡಸು.

ನೆಲ ಯಾರದ್ದು

ಇತಿಹಾಸ ಚಿಕ್ಕದಾಗಿ ಹೇಳಿದರೂ ಸಾಕು, ಆದರೆ ಬಿಡುವಂತಿಲ್ಲ. ಮೊಂಬಾಸಾದಿಂದ ಹೊರಟ ರೈಲುಹಳಿ 1900ರ ಹೊತ್ತಿಗೆ ನಕುರು ತಲುಪಿತು. ಹಳಿ ಹಾಸಿದವರಲ್ಲಿ ಬಹಳಷ್ಟು ಮಂದಿ ಪಂಜಾಬಿನಿಂದ ಒಯ್ದ ಕೂಲಿಗಳು. ಹಳಿಯ ಇಕ್ಕೆಲದ ಒಳ್ಳೆಯ ನೆಲವನ್ನು ಬ್ರಿಟಿಷ್ ಆಡಳಿತ ಬಿಳಿಯ ವಲಸಿಗರಿಗೆ ಹಂಚಿತು. ಅಲ್ಲಿ ದನ ಮೇಯಿಸುತ್ತಿದ್ದ ಮಾಸಾಯಿಗಳನ್ನು 1904ರ ಮತ್ತು 1911ರ ಒಪ್ಪಂದಗಳ ಹೆಸರಿನಲ್ಲಿ ಎಬ್ಬಿಸಿತು. 1915ರ ಕಾಯ್ದೆ ವಲಸಿಗರಿಗೆ 999 ವರ್ಷದ ಗುತ್ತಿಗೆಗೂ ದಾರಿ ಮಾಡಿಕೊಟ್ಟಿತು.

ವಲಸಿಗರಲ್ಲಿ ಎಲ್ಲರಿಗಿಂತ ಹೆಸರಾದವನು ಮೂರನೆಯ ಲಾರ್ಡ್ ಡೆಲಾಮೇರ್. ನ್ಜೋರೊದಲ್ಲಿ ಅವನು ಕಟ್ಟಿದ ಮೊದಲ ಫಾರ್ಮ್‌ನಲ್ಲಿ ದನ-ಕುರಿಗಳು ಹುಲ್ಲಿನ ನಡುವೆಯೇ ಬಡಕಲಾಗಿ ಸತ್ತವು. ಆ ನೆಲವನ್ನು ಮಾಸಾಯಿಗಳು ಮೊದಲೇ ದೂರವಿಟ್ಟಿದ್ದರು, ಕಾರಣ ಮಾತ್ರ ಆಗ ಯಾರಿಗೂ ತಿಳಿದಿರಲಿಲ್ಲ. ಜ್ವಾಲಾಮುಖಿ ಬೂದಿಯ ಆ ಮಣ್ಣಿನಲ್ಲಿ ಕೋಬಾಲ್ಟ್ ಕಡಿಮೆ. ಕೋಬಾಲ್ಟ್ ಸಿಗದಿದ್ದರೆ ಹಸುವಿನ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಬಿ-12 ಜೀವಸತ್ವ ತಯಾರಿಸಲಾರವು. ಆಗ ಮೇವು ಎದುರಿಗಿದ್ದರೂ ಹಸು ಬಾಯಿ ಹಾಕುವುದಿಲ್ಲ, ರಕ್ತಹೀನತೆಯಿಂದ ಸೊರಗುತ್ತದೆ. ಈ ರೋಗಕ್ಕೆ ಆ ಕಡೆ 'ನಕುರೈಟಿಸ್' ಎಂದೇ ಹೆಸರು ಬಿತ್ತು. ಇವತ್ತು ಕೋಬಾಲ್ಟ್ ಬೆರೆಸಿದ ಖನಿಜದ ನೆಕ್ಕುಗಟ್ಟಿ ಇಟ್ಟರೆ ತೀರಿಹೋಗುವ ತೊಂದರೆ. ಆದರೆ ಈ ನೆಲದಲ್ಲಿ ಖನಿಜ ಮಿಶ್ರಣವನ್ನು ಮಣ್ಣು-ಮೇವಿನ ಪರೀಕ್ಷೆ ಮಾಡಿಸದೆ ಕೊಳ್ಳಬಾರದು ಎನ್ನುವುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ಬೇಕಿಲ್ಲ.

1925ರಲ್ಲಿ ವಲಸಿಗರು ಕೂಡಿ ಕೀನ್ಯಾ ಕೋಆಪರೇಟಿವ್ ಕ್ರೀಮರೀಸ್, ಅಂದರೆ ಕೆಸಿಸಿ, ಎಂಬ ಹಾಲಿನ ಸಹಕಾರ ಸಂಘ ಕಟ್ಟಿದರು. ಆಫ್ರಿಕನ್ ರೈತರಿಗೆ ಮಿಶ್ರತಳಿ ಹಸು ಸಾಕಲು ನಿಜವಾದ ಅವಕಾಶ ಸಿಕ್ಕಿದ್ದು ವಸಾಹತು ಸರ್ಕಾರದ 1954ರ ಸ್ವಿನ್ನರ್ಟನ್ ಕೃಷಿ ಯೋಜನೆಯ ನಂತರ. ಸ್ವಾತಂತ್ರ್ಯದ ಸುಮಾರಿಗೆ ದೊಡ್ಡ ಎಸ್ಟೇಟುಗಳಲ್ಲಿ ಹಲವು ಸಣ್ಣ ಹಿಡುವಳಿಗಳಾಗಿ ಒಡೆದವು. ಕೆಲವು ಸರ್ಕಾರಿ ಕೃಷಿ ನಿಗಮಕ್ಕೆ ಹೋದವು, ಕೆಲವು ರಾಜಕೀಯವಾಗಿ ಬಲವುಳ್ಳ ಹೊಸ ಮನೆತನಗಳ ಕೈ ಸೇರಿದವು, ಇನ್ನು ಕೆಲವು ಹಳೆಯ ಕುಟುಂಬಗಳಲ್ಲೇ ಉಳಿದವು. 2010ರ ಸಂವಿಧಾನ ಬಂದ ಮೇಲೆ ವಿದೇಶಿಯರು ಹೆಚ್ಚೆಂದರೆ 99 ವರ್ಷದ ಗುತ್ತಿಗೆಯ ಮೇಲೆ ಮಾತ್ರ ಜಮೀನು ಇಟ್ಟುಕೊಳ್ಳಬಹುದು.

ಜನವರಿಯ ಹಾಲು ಆಗಸ್ಟಿನಲ್ಲಿ ತಯಾರು

ನೈರೋಬಿಯ ಸುತ್ತ ಮಾರ್ಚ್‌ನಿಂದ ಮೇವರೆಗೆ ದೊಡ್ಡ ಮಳೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಸಣ್ಣ ಮಳೆ. ಪಶ್ಚಿಮದ ಎಲ್ಡೊರೆಟ್, ಕಿಟಾಲೆ ಕಡೆ ಮಾರ್ಚಿನಲ್ಲಿ ಹಿಡಿದ ಮಳೆ ಹೆಚ್ಚು ಕಡಿಮೆ ಒಂದೇ ಉದ್ದಕ್ಕೆ ಅಕ್ಟೋಬರ್ ತನಕ ಬರುತ್ತದೆ. ಎರಡೂ ಕಡೆ ಜನವರಿಯಿಂದ ಮಾರ್ಚ್ ಮಧ್ಯದವರೆಗೆ ಹುಲ್ಲು ಒಣಗಿ ಹಗ್ಗವಾಗುತ್ತದೆ. ಸಣ್ಣ ರೈತನ ಹಸು ಹಾಲು ಇಳಿಸುವುದು ಆಗ, ಡೈರಿ ಕಂಪನಿಗಳು ಹಾಲಿಗೆ ಪರದಾಡುವುದೂ ಆಗ. ದೊಡ್ಡ ಫಾರ್ಮಿಗೆ ವರ್ಷದ ಲಾಭ-ನಷ್ಟ ತೀರ್ಮಾನವಾಗುವುದು ಈ ಹತ್ತು ಹನ್ನೆರಡು ವಾರಗಳಲ್ಲಿ. ಹಾಗಾಗಿ ಅಲ್ಲಿನ ಮ್ಯಾನೇಜರನಿಗೆ ಹಸುವಿಗಿಂತ ಮೊದಲು ಮುಸುಕಿನ ಜೋಳದ ಚಿಂತೆ.

ಲೆಕ್ಕ ಹಾಕಿ ನೋಡೋಣ. 350 ಹಸು, ಅದರಲ್ಲಿ ಯಾವಾಗಲೂ ಸುಮಾರು 300 ಹಾಲು ಕೊಡುತ್ತಿರುತ್ತವೆ, ಉಳಿದವು ಬತ್ತಿಸಿದವು ಎಂದಿಟ್ಟುಕೊಳ್ಳಿ. ದಿನಕ್ಕೆ 20–22 ಲೀಟರ್ ಕೊಡುವ ಹಸುವಿಗೆ ಸುಮಾರು 25 ಕಿಲೋ ರಸಮೇವು (ಹಸಿ ಮುಸುಕಿನ ಜೋಳವನ್ನು ಕತ್ತರಿಸಿ, ಗುಂಡಿಯಲ್ಲಿ ತುಳಿದು ಹುಳಿಸಿಟ್ಟ ಸೈಲೇಜ್), 3 ಕಿಲೋ ಕುದುರೆ ಮಸಾಲೆಯ (ಲೂಸರ್ನ್) ಒಣಮೇವು, 6–7 ಕಿಲೋ ಹಿಂಡಿ-ಬೂಸಾ ಮಿಶ್ರಣ. ಒಣತೂಕದ ಲೆಕ್ಕದಲ್ಲಿ ಇದು 17 ಕಿಲೋದ ಆಸುಪಾಸು. ಹಾಲಿನ ಹಸುಗಳಿಗಷ್ಟೇ ದಿನಕ್ಕೆ 7.5 ಟನ್, ವರ್ಷಕ್ಕೆ ಸುಮಾರು 2,740 ಟನ್ ರಸಮೇವು ಬೇಕು. ಗುಂಡಿಯಲ್ಲಿ ಸೇಕಡಾ 15ರಷ್ಟು ಹಾಳಾಗುವುದು ಮಾಮೂಲು. ಆಗ 3,220 ಟನ್ ತುಂಬಬೇಕಾಗುತ್ತದೆ. ಹೆಕ್ಟೇರಿಗೆ 40 ಟನ್ ಬಂದರೆ 80 ಹೆಕ್ಟೇರ್, ಅಂದರೆ 200 ಎಕರೆ ಜೋಳ. ಬತ್ತಿಸಿದ ಹಸು, ಕಡಸು, ಕರುಗಳ ಮೇವು ಇದರ ಹೊರಗೆ.

ಎತ್ತರದ ತಂಪಿನಲ್ಲಿ ಜೋಳ ನಿಧಾನ. ಎಚ್-614 ಥರದ ಎತ್ತರನೆಲದ ಹೈಬ್ರಿಡ್ ಕಾಳಿಗೆ ಬಲಿಯಲು 6ರಿಂದ 8 ತಿಂಗಳು ಹಿಡಿಯುತ್ತದೆ. ಏಪ್ರಿಲ್ ಮೊದಲಿಗೆ ಬಿತ್ತಿದ್ದು ರಸಮೇವಿನ ಹದಕ್ಕೆ ಬರುವುದು ಆಗಸ್ಟ್-ಸೆಪ್ಟೆಂಬರಿನಲ್ಲಿ. ಹದ ನೋಡುವುದು ಹೀಗೆ: ತೆನೆಯನ್ನು ನಡುವೆ ಮುರಿದು ಒಂದು ಕಾಳು ಕಿತ್ತರೆ, ಮೇಲಿನ ಅರ್ಧದಿಂದ ಮೂರನೇ ಎರಡು ಭಾಗ ಗಟ್ಟಿಯಾಗಿ, ಬುಡದ ಕಡೆ ಇನ್ನೂ ಹಾಲು ಇರಬೇಕು. ಆಗ ಇಡೀ ಗಿಡದ ಒಣಾಂಶ ಸೇಕಡಾ 30–35. ಅದಕ್ಕಿಂತ ಎಳೆಯದಾದರೆ ಗುಂಡಿಯ ಬುಡದಿಂದ ರಸ ಹರಿದುಹೋಗುತ್ತದೆ, ಮೇವು ಹುಳಿ ಹಿಡಿಯುವ ಬದಲು ಕೊಳೆತ ನಾತ ಬರುತ್ತದೆ. ಬಲಿತುಹೋದರೆ ತುಳಿದರೂ ಅಡಗುವುದಿಲ್ಲ, ಒಳಗೆ ಗಾಳಿ ಉಳಿದು ಬೂಷ್ಟು ಬರುತ್ತದೆ. ಕತ್ತರಿಸುವ ಉದ್ದ 1ರಿಂದ 2 ಸೆಂಟಿಮೀಟರ್. ಕಾಳು ಒಡೆದಿರಲೇಬೇಕು, ಇಡಿಯಾಗಿ ಉಳಿದ ಕಾಳು ಸಗಣಿಯಲ್ಲಿ ಇಡಿಯಾಗಿಯೇ ಬರುತ್ತದೆ.

ಅನುಭವಿಗಳೂ ಎಡವುವುದು ತುಳಿಯುವುದರಲ್ಲಿ. ಕೊಯ್ಯುವ ಯಂತ್ರ ಗಂಟೆಗೆ 40 ಟನ್ ತಂದು ಸುರಿದರೆ ಗುಂಡಿಯ ಮೇಲೆ ಓಡಾಡುವ ಟ್ರ್ಯಾಕ್ಟರುಗಳ ಒಟ್ಟು ತೂಕ 16 ಟನ್ ಇರಬೇಕು. ಗಂಟೆಗೆ ಬರುವ ಪ್ರತಿ ಟನ್‌ಗೆ 400 ಕಿಲೋ ಎನ್ನುವುದು ಸೂತ್ರ. ಕೊಯ್ಯುವುದಕ್ಕೆ ದೊಡ್ಡ ಯಂತ್ರ ಬಾಡಿಗೆಗೆ ತಂದು, ತುಳಿಯಲು ಒಂದೇ ಒಂದು ನಾಲ್ಕು ಟನ್ನಿನ ಟ್ರ್ಯಾಕ್ಟರ್ ಬಿಟ್ಟರೆ ಆ ವರ್ಷದ ಗುಂಡಿ ಕೆಟ್ಟಂತೆಯೇ. ಮೇವನ್ನು 15 ಸೆಂಟಿಮೀಟರಿಗಿಂತ ದಪ್ಪ ಹರಡಬಾರದು. ಘನ ಮೀಟರಿಗೆ 650 ಕಿಲೋ ಬಂತೆಂದರೆ ನಮ್ಮ ಲೆಕ್ಕದ 3,220 ಟನ್ನಿಗೆ 55 ಮೀಟರ್ ಉದ್ದ, 12 ಅಗಲ, 2.5 ಎತ್ತರದ ಮೂರು ಗುಂಡಿ ಸಾಕು. ಅಗಲ-ಎತ್ತರವನ್ನು ಸುಮ್ಮನೆ ಆರಿಸಿದ್ದಲ್ಲ. ದಿನಕ್ಕೆ 7.5 ಟನ್ ತೆಗೆದರೆ ಆ ಬಾಯಿ ಸುಮಾರು 38 ಸೆಂಟಿಮೀಟರ್ ಹಿಂದೆ ಸರಿಯುತ್ತದೆ. ದಿನಕ್ಕೆ 15–30 ಸೆಂಟಿಮೀಟರಾದರೂ ಸರಿಯದ ಗುಂಡಿಯ ಬಾಯಿ ಗಾಳಿಗೆ ಬಿಸಿಯಾಗಿ ಕೆಡುತ್ತದೆ. ಬೆಳಿಗ್ಗೆ ಬಾಯಿಗೆ ಅಂಗೈ ತೂರಿಸಿ ನೋಡಿ. ಬೆಚ್ಚಗಿದ್ದರೆ ಹಸುವಿನ ಹೊಟ್ಟೆಗೆ ಹೋಗಬೇಕಾದ ಶಕ್ತಿ ಗಾಳಿಗೆ ಹೋಗುತ್ತಿದೆ ಎಂದರ್ಥ.

ನೈವಾಶಾ ಕಡೆ ಮಳೆ ಕಡಿಮೆ. ಅಲ್ಲಿ ಕೊಳವೆಬಾವಿಯ ನೀರನ್ನು ಸುತ್ತು ತಿರುಗುವ ಪಿವಟ್ ಯಂತ್ರದಿಂದ ಹಾಯಿಸಿ ಕುದುರೆ ಮಸಾಲೆ ಬೆಳೆಯುತ್ತಾರೆ. ಸಮಭಾಜಕ ವೃತ್ತದ ಹತ್ತಿರ ಚಳಿಗಾಲವೆಂಬುದೇ ಇಲ್ಲದ್ದರಿಂದ 28–35 ದಿನಕ್ಕೊಮ್ಮೆ ಕೊಯ್ಲು ಸಿಗುತ್ತದೆ. ಹತ್ತರಲ್ಲೊಂದು ಗಿಡ ಹೂ ಬಿಟ್ಟಾಗ ಕೊಯ್ಯಬೇಕು. ಕಟ್ಟು ಕಟ್ಟುವುದು ಸುಡುಬಿಸಿಲಿನಲ್ಲಲ್ಲ, ಬೆಳಗಿನ ಇಬ್ಬನಿ ಇನ್ನೂ ಸ್ವಲ್ಪ ಇರುವಾಗ. ಇಲ್ಲವಾದರೆ ಪ್ರೋಟೀನ್ ತುಂಬಿದ ಎಲೆಯೆಲ್ಲ ಹೊಲದಲ್ಲೇ ಉದುರಿ ಕಟ್ಟಿನಲ್ಲಿ ಕಡ್ಡಿ ಉಳಿಯುತ್ತದೆ. ಇನ್ನು ಬೋಮಾ ರೋಡ್ಸ್ ಎಂಬ ಹುಲ್ಲಿನ ಒಣಕಟ್ಟು ಕೀನ್ಯಾದಲ್ಲಿ ಎಲ್ಲೆಡೆ ಮಾರಾಟಕ್ಕೆ ಸಿಗುವ ಸರಕು. ಒಣಗಾಲದಲ್ಲಿ ಅದರ ಬೆಲೆ ಏರುವುದರಿಂದ ಹಾಲಿಗಿಂತ ಹುಲ್ಲು ಮಾರಿಯೇ ಕಾಸು ಮಾಡುವ ಎಸ್ಟೇಟುಗಳೂ ಇವೆ. ಕೊಳವೆಬಾವಿಯ ವಿಷಯದಲ್ಲಿ ಕೋಲಾರ-ಚಿಕ್ಕಬಳ್ಳಾಪುರದವರಿಗೆ ಹೊಸದಲ್ಲದ ಒಂದು ತೊಡಕು: ರಿಫ್ಟ್ ಕಣಿವೆಯ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಹಸುವೊಂದು ದಿನಕ್ಕೆ 80–100 ಲೀಟರ್ ಕುಡಿಯುವಾಗ ಅದು ಹಲ್ಲು-ಮೂಳೆಗೆ ತಾಗದೆ ಇರುವುದಿಲ್ಲ.

ಹಿಂಡಿಯಲ್ಲಿ ಹೆದರಬೇಕಾದದ್ದು ಅಫ್ಲಟಾಕ್ಸಿನ್. ಒದ್ದೆ ಜೋಳ, ಹತ್ತಿಬೀಜದ ಹಿಂಡಿಗಳಲ್ಲಿ ಬೆಳೆಯುವ ಬೂಷ್ಟಿನ ಈ ವಿಷದಿಂದ 2004ರಲ್ಲಿ ಕೀನ್ಯಾದ ಪೂರ್ವ ಭಾಗದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಹಸು ತಿಂದ ವಿಷದ ಸೇಕಡಾ 1ರಿಂದ 6ರಷ್ಟು ರೂಪ ಬದಲಿಸಿ, ಎಂ-1 ಎಂಬ ಹೆಸರಿನಲ್ಲಿ, ಒಂದು ದಿನದೊಳಗೇ ಹಾಲಿಗೆ ಬರುತ್ತದೆ. ಕುದಿಸಿದರೂ ಹೋಗುವುದಿಲ್ಲ. ಕಿಲೋ ಹಾಲಿಗೆ ಯುರೋಪಿನ ಮಿತಿ 0.05 ಮೈಕ್ರೋಗ್ರಾಂ, ಭಾರತದ್ದು 0.5. ಜೋಳವನ್ನು ತೇವಾಂಶ ಸೇಕಡಾ 13ಕ್ಕಿಂತ ಕೆಳಗಿಳಿಸಿ ಇಡುವುದು, ಹಿಂಡಿಯ ಪ್ರತಿ ಲೋಡನ್ನೂ ಪರೀಕ್ಷಿಸಿಯೇ ಇಳಿಸಿಕೊಳ್ಳುವುದು, ಇಷ್ಟೇ ಉಪಾಯ. ಎರಡು ಹಸುವಿನ ರೈತನಿಗೆ ಈ ಪರೀಕ್ಷೆ ಗಿಟ್ಟುವುದಿಲ್ಲ, ನೂರಾರು ಹಸುವಿನ ಫಾರ್ಮ್‌ ಮಾಡಿಸದಿದ್ದರೆ ಅದಕ್ಕೆ ನೆಪವಿಲ್ಲ.

ಕಿವಿಯೊಳಗಿನ ಉಣ್ಣೆ

ನಮ್ಮಲ್ಲಿ ಮಿಶ್ರತಳಿ ಹಸು ಸಾಕಿದವರಿಗೆ ಥೈಲೇರಿಯಾ ಎಂಬ ಉಣ್ಣೆ ಜ್ವರ ಗೊತ್ತು. ಇಲ್ಲಿನ ರೋಗಾಣು ಥೈಲೇರಿಯಾ ಆನ್ಯುಲೇಟಾ. ಪೂರ್ವ ಆಫ್ರಿಕಾದ್ದು ಅದರ ದಾಯಾದಿ ಥೈಲೇರಿಯಾ ಪಾರ್ವಾ. ಅಲ್ಲಿ ಅದಕ್ಕೆ ಈಸ್ಟ್ ಕೋಸ್ಟ್ ಜ್ವರ ಎನ್ನುತ್ತಾರೆ. ಹರಡುವುದು ಕಂದು ಬಣ್ಣದ ಕಿವಿ ಉಣ್ಣೆ. ವಿದೇಶಿ ತಳಿಯ ಹಸುವಿಗೆ ತಗುಲಿ, ಚಿಕಿತ್ಸೆ ಸಿಗದಿದ್ದರೆ ಹೆಚ್ಚಿನವು ಮೂರು-ನಾಲ್ಕು ವಾರದಲ್ಲಿ ಸಾಯುತ್ತವೆ. ಮೊದಲು ಕಿವಿಯ ಬುಡದ ಗ್ರಂಥಿ ನಿಂಬೆಹಣ್ಣಿನಷ್ಟು ಊದುತ್ತದೆ, ಆಮೇಲೆ ಜ್ವರ, ಕೊನೆಗೆ ಶ್ವಾಸಕೋಶದಲ್ಲಿ ನೀರು ತುಂಬಿ ಮೂಗಿನಿಂದ ನೊರೆ. ನೊರೆ ಕಂಡ ಮೇಲೆ ಬ್ಯುಪಾರ್ವಾಕ್ವೋನ್ ಚುಚ್ಚಿದರೆ ಪ್ರಯೋಜನ ಅಷ್ಟಕ್ಕಷ್ಟೆ. ಗ್ರಂಥಿ ಊದಿದ ದಿನವೇ ಕೊಟ್ಟರೆ ಉಳಿಯುತ್ತದೆ. ಪ್ರಮಾಣ ಕಿಲೋ ದೇಹತೂಕಕ್ಕೆ 2.5 ಮಿಲಿಗ್ರಾಂ, 500 ಕಿಲೋ ಹಸುವಿಗೆ 25 ಮಿಲಿ, ಕುತ್ತಿಗೆಯ ಮಾಂಸಕ್ಕೆ. ಕರ್ನಾಟಕದ ಪಶುವೈದ್ಯರು ಬಳಸುವುದೂ ಇದೇ ಔಷಧಿ.

ಉಣ್ಣೆಯ ಬದುಕು ತಿಳಿದರೆ ಫಾರ್ಮಿನ ದಿನಚರಿ ತಾನಾಗಿ ಅರ್ಥವಾಗುತ್ತದೆ. ಈ ಉಣ್ಣೆ ಮರಿಯಾಗಿ ಒಮ್ಮೆ, ನಡುಹರೆಯದಲ್ಲಿ ಒಮ್ಮೆ, ಬಲಿತು ಒಮ್ಮೆ, ಹೀಗೆ ಮೂರು ಬಾರಿ ಬೇರೆ ಬೇರೆ ಪ್ರಾಣಿಯ ಮೈಗೆ ಹತ್ತಿ ರಕ್ತ ಹೀರಿ ನೆಲಕ್ಕೆ ಬೀಳುತ್ತದೆ. ಒಂದು ಹಂತದಲ್ಲಿ ಹೀರಿದ ರೋಗಾಣುವನ್ನು ಮುಂದಿನ ಹಂತದಲ್ಲಿ ಇನ್ನೊಂದು ಪ್ರಾಣಿಗೆ ಉಗುಳುತ್ತದೆ. ಕಚ್ಚಿದ ಕೂಡಲೇ ಅಲ್ಲ: ಹಸುವಿನ ಮೈಬಿಸಿಯಲ್ಲಿ ರಕ್ತ ಹೀರತೊಡಗಿದ ಮೇಲೆ ಅದರ ಜೊಲ್ಲುಗ್ರಂಥಿಯೊಳಗೆ ರೋಗಾಣು ಬಲಿಯಲು ಮೂರು-ನಾಲ್ಕು ದಿನ ಬೇಕು. ಅಂದಮೇಲೆ ಮೂರು-ನಾಲ್ಕು ದಿನಕ್ಕೊಮ್ಮೆ, ವಾರಕ್ಕೆ ಎರಡು ಸಲ, ಉಣ್ಣೆಯನ್ನು ಸಾಯಿಸಿದರೆ ಅದು ರೋಗ ಉಗುಳುವ ಮೊದಲೇ ಸತ್ತಿರುತ್ತದೆ. ಮಳೆಗಾಲದಲ್ಲಿ ಬಲಿತ ಉಣ್ಣೆಗಳ ಕಾಟ ಹೆಚ್ಚಿದಾಗ ಈ ವೇಳಾಪಟ್ಟಿಯಲ್ಲಿ ಒಂದು ಸಲ ತಪ್ಪಿದರೂ ದಂಡ ತೆರಬೇಕು.

ಸಾಯಿಸುವುದಕ್ಕೆ ಹಳೆಯ ದಾರಿ ಈಜುತೊಟ್ಟಿ. ಸುಮಾರು 15,000 ಲೀಟರ್ ಔಷಧಿ ನೀರು ತುಂಬಿದ ಆಳದ ಕಾಲುವೆಗೆ ಹಸು ಒಂದು ತುದಿಯಲ್ಲಿ ಧುಮುಕುತ್ತದೆ, ತಲೆಯೂ ಮುಳುಗುತ್ತದೆ, ಈಜಿ ಇನ್ನೊಂದು ತುದಿಯ ಮೆಟ್ಟಿಲು ಹತ್ತಿ ಇಳಿಜಾರು ಕಟ್ಟೆಯಲ್ಲಿ ನಿಲ್ಲುತ್ತದೆ. ಮೈಯಿಂದ ಸೋರಿದ ನೀರು ಮತ್ತೆ ತೊಟ್ಟಿಗೇ ಹರಿಯಬೇಕು. ಸೇಕಡಾ 12.5ರ ಅಮಿಟ್ರಾಜ್ ಎಂಬ ಉಣ್ಣೆನಾಶಕ ಆದರೆ 500 ಲೀಟರಿಗೆ 1 ಲೀಟರ್, ಅಂದರೆ ತೊಟ್ಟಿಗೆ 30 ಲೀಟರ್. ಲೆಕ್ಕ ತಪ್ಪುವುದು ಇಲ್ಲಲ್ಲ, ಮತ್ತೆ ತುಂಬುವಾಗ. ಪ್ರತಿ ಹಸು ಎರಡು-ಮೂರು ಲೀಟರ್ ನೀರು ಹೊತ್ತೊಯ್ಯುತ್ತದೆ, ಆದರೆ ಕೂದಲು ನೀರಿಗಿಂತ ಔಷಧಿಯನ್ನೇ ಹೆಚ್ಚು ಹಿಡಿಯುತ್ತದೆ. ತೊಟ್ಟಿಯ ನೀರು ನೋಡಲು ಅಷ್ಟೇ ಇದ್ದರೂ ಸತ್ವ ಇಳಿದಿರುತ್ತದೆ. ಆದ್ದರಿಂದ ಮತ್ತೆ ತುಂಬುವ ನೀರಿಗೆ ಮೊದಲಿಗಿಂತ ಗಟ್ಟಿಯಾಗಿ ಬೆರೆಸಬೇಕು. ಅಮಿಟ್ರಾಜ್ ತೊಟ್ಟಿಯಲ್ಲಿ ತಾನಾಗಿಯೂ ಕೊಳೆಯುವುದರಿಂದ ಸುಣ್ಣ ಹಾಕಿ ಕ್ಷಾರ ಹೆಚ್ಚಿಟ್ಟಿರುತ್ತಾರೆ. ಮಳೆನೀರು ಒಳಗೆ ಹರಿಯಿತೋ, ಎಲ್ಲ ಲೆಕ್ಕವೂ ತಲೆಕೆಳಗು.

ಈಗ ಬಹಳ ಕಡೆ ತೊಟ್ಟಿಯ ಬದಲು ಸ್ಪ್ರೇ ಸುರಂಗ: ಎರಡೂ ಬದಿ, ಮೇಲೆ, ಕೆಳಗೆ ನಳಿಕೆಗಳಿರುವ ಓಣಿಯಲ್ಲಿ ಹಸು ನಡೆದುಹೋಗುತ್ತದೆ. ಗಬ್ಬದ ಹಸುವಿಗೆ ಧುಮುಕುವ ಅಪಾಯವಿಲ್ಲ. ಸಗಣಿ-ಕೂದಲು ನಳಿಕೆಗೆ ಸಿಕ್ಕಿ ಒಂದೆರಡು ಮುಚ್ಚಿಕೊಂಡರೆ ಹೊಟ್ಟೆಯ ಅಡಿ ಒಣಗಿಯೇ ಉಳಿಯುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಸಣ್ಣ ರೈತನ ಕೈಪಂಪಿನಲ್ಲಿ ತೊಂದರೆ ಇನ್ನೂ ಹೆಚ್ಚು. ಒಂದು ದೊಡ್ಡ ಹಸುವಿಗೆ 10 ಲೀಟರ್ ಬೇಕಾದಲ್ಲಿ ಮೂರು ಲೀಟರಿನಲ್ಲಿ ಬೆನ್ನು ನೆನೆಸಿ ಮುಗಿಸುತ್ತಾರೆ. ಕಿವಿಯ ಒಳಗು, ಬಾಲದ ಬುಡ, ಕೆಚ್ಚಲಿನ ಹಿಂದು ಹಾಗೇ ಉಳಿಯುತ್ತವೆ. ರೋಗದ ಉಣ್ಣೆ ಇರುವುದೇ ಕಿವಿಯೊಳಗೆ. ಆದ್ದರಿಂದ ಜಾಣ ದನಗಾಹಿ ಸ್ಪ್ರೇ ಆದ ಮೇಲೆ ಕಿವಿ ಮಡಚಿ, ಒಳಗೆ ಬೆರಳಿನಿಂದ ಉಣ್ಣೆನಾಶಕ ಮುಲಾಮು ಸವರುತ್ತಾನೆ. ನೀರು ಕಲಸಿದ, ಕಡಿಮೆ ಸತ್ವದ ಔಷಧಿ ಉಣ್ಣೆಯನ್ನು ಕೊಲ್ಲುವುದಿಲ್ಲ, ಪಳಗಿಸುತ್ತದೆ. ಇಡೀ ಬದುಕನ್ನು ಒಂದೇ ಹಸುವಿನ ಮೇಲೆ ಕಳೆಯುವ ನೀಲಿ ಉಣ್ಣೆ ಬೇಗ ಪಳಗುತ್ತದೆ. ಮೂರು ಪ್ರಾಣಿ ಬದಲಿಸುವ ಕಿವಿ ಉಣ್ಣೆ ಸ್ವಲ್ಪ ತಡವಾಗಿ.

ಲಸಿಕೆ ಇದೆ, ಆದರೆ ವಿಚಿತ್ರವಾದದ್ದು. 1970ರ ದಶಕದಲ್ಲಿ ನೈರೋಬಿ ಬಳಿಯ ಮುಗುಗಾದಲ್ಲಿ ರೂಪುಗೊಂಡದ್ದರಿಂದ ಅದಕ್ಕೆ ಮುಗುಗಾ ಕಾಕ್‌ಟೇಲ್ ಎಂದೇ ಹೆಸರು. ಮೂರು ಬಗೆಯ ಜೀವಂತ ರೋಗಾಣುಗಳನ್ನು ಕಿವಿಯ ಕೆಳಗೆ ಚುಚ್ಚಿ, ಅದೇ ಹೊತ್ತಿಗೆ ದೀರ್ಘಕಾಲ ಕೆಲಸ ಮಾಡುವ ಆಕ್ಸಿಟೆಟ್ರಾಸೈಕ್ಲಿನ್ ಎಂಬ ಆಂಟಿಬಯಾಟಿಕ್ ಕೊಡುತ್ತಾರೆ. ರೋಗ ಬರುತ್ತದೆ, ಆದರೆ ಹಗುರಾಗಿ ಬಂದು ಹೋಗುತ್ತದೆ. ಒಮ್ಮೆ ಕೊಟ್ಟರೆ ಬಹುತೇಕ ಜೀವಮಾನಕ್ಕೆ ಸಾಕು. ತೂಕ ಅಂದಾಜಿನಲ್ಲಿ ಹೇಳಿ ಆಂಟಿಬಯಾಟಿಕ್ ಕಡಿಮೆಯಾದರೆ ಲಸಿಕೆಯೇ ರೋಗವಾಗುತ್ತದೆ. ಲಸಿಕೆ ದ್ರವ ಸಾರಜನಕದಲ್ಲೇ ಬರಬೇಕು, ಕಡ್ಡಿಯಂಥ ಒಂದು ಕೊಳವೆಯಲ್ಲಿ ಸುಮಾರು 40 ಹಸುವಿಗಾಗುವಷ್ಟು ಇರುತ್ತದೆ, ಕರಗಿಸಿದ ಮೇಲೆ ಕೆಲವೇ ಗಂಟೆಯೊಳಗೆ ಮುಗಿಸಬೇಕು. ದೊಡ್ಡ ಫಾರ್ಮಿನ ಅನುಕೂಲ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಈ 40ರಲ್ಲಿ. ಅದಕ್ಕೆ 40 ಕರು ಒಂದೇ ದಿನ ಸಿಗುತ್ತವೆ. ಸಣ್ಣ ರೈತರು ಊರೆಲ್ಲ ಸೇರಿ ದಿನ ಗೊತ್ತು ಮಾಡಬೇಕು, ಇಲ್ಲವೇ ಉಳಿದದ್ದನ್ನು ಚೆಲ್ಲಬೇಕು.

ಬೇಲಿಯ ಆಚೆ

ಬೇಲಿ ಇರುವುದು ಕಳ್ಳರಿಗಾಗಿ ಮಾತ್ರವಲ್ಲ. ಅಲ್ಲಿನ ಕಾಡೆಮ್ಮೆ (ಆಫ್ರಿಕನ್ ಬಫೆಲೊ) ಥೈಲೇರಿಯಾವನ್ನೂ ಕಾಲುಬಾಯಿ ರೋಗವನ್ನೂ ಮೈಯಲ್ಲಿಟ್ಟುಕೊಂಡು ತಾನು ಆರಾಮಾಗಿ ಓಡಾಡುತ್ತದೆ. ಕಾಡೆಮ್ಮೆಯಿಂದ ಬಂದ ಥೈಲೇರಿಯಾಗೆ ಮುಗುಗಾ ಲಸಿಕೆ ಪೂರ್ತಿ ತಡೆಯಲ್ಲ. ಲೈಕಿಪಿಯಾ, ನಕುರು, ನೈವಾಶಾ ಕೆರೆಯ ದಡದಂಥ ಕಡೆ ವನ್ಯಧಾಮ ಪಕ್ಕದಲ್ಲೇ ಇರುವ ಫಾರ್ಮುಗಳಿಗೆ ಇದು ದೊಡ್ಡ ತಲೆನೋವು. ಕಾಲುಬಾಯಿ ಲಸಿಕೆಯಲ್ಲಿ ನಮ್ಮಲ್ಲಿ ಒ, ಎ, ಏಷ್ಯಾ-1 ಎಂಬ ವೈರಸ್ ಬಗೆಗಳಿದ್ದರೆ ಅಲ್ಲಿ ಒ, ಎ ಜೊತೆಗೆ ಸ್ಯಾಟ್-1, ಸ್ಯಾಟ್-2 ಬೇಕು. ಆರು ತಿಂಗಳಿಗೊಮ್ಮೆಯಾದರೂ ಹಾಕಿಸಬೇಕು. 2022ರಲ್ಲಿ ಕರ್ನಾಟಕವನ್ನು ಅಲ್ಲಾಡಿಸಿದ ಚರ್ಮಗಂಟು ರೋಗ ಕೀನ್ಯಾಕ್ಕೆ 1957ರಿಂದಲೇ ಪರಿಚಿತ.

ಬರಗಾಲದಲ್ಲಿ ಬೇಲಿ ರಾಜಕೀಯವಾಗುತ್ತದೆ. 2017ರಲ್ಲಿ ಲೈಕಿಪಿಯಾದ ದೊಡ್ಡ ರ‍್ಯಾಂಚುಗಳಿಗೆ ಪಶುಪಾಲಕರು ಸಾವಿರಾರು ದನ ನುಗ್ಗಿಸಿದರು, ಹಿಂಸೆಯೂ ಆಯಿತು. ಹುಲ್ಲು ಕಂಡವನು ದನವನ್ನು ಸಾಯಲು ಬಿಡುವುದಿಲ್ಲ ಎನ್ನುವುದು ಒಂದು ಮಾತು, ಈ ನೆಲ ಮೊದಲು ಯಾರದಿತ್ತು ಎನ್ನುವುದು ಇನ್ನೊಂದು. ಫಾರ್ಮಿನ ಪಶುವೈದ್ಯನಿಗೆ ಇವೆರಡರ ಜೊತೆ ಮೂರನೆಯ ಚಿಂತೆಯೂ ಇದೆ. ಹೊರಗಿನ ಹಿಂಡು ಒಂದು ರಾತ್ರಿ ಒಳಗೆ ಮಲಗಿ ಹೋದರೆ ಅದು ಬಿಟ್ಟುಹೋದ ಉಣ್ಣೆ ತಿಂಗಳುಗಟ್ಟಲೆ ಹುಲ್ಲಿನಲ್ಲಿ ಕಾಯುತ್ತದೆ.

ಹಾಲು ಕರೆಯುವ ಮನೆ

ಇಲ್ಲಿ ಕೀನ್ಯಾದ್ದೇ ಎನ್ನುವ ವಿಶೇಷ ಕಡಿಮೆ. ಎದುರುಬದುರು ಹನ್ನೆರಡರಂತೆ 24 ಹಸು ನಿಲ್ಲುವ, ಹಾಲು ಹೀರುವ 24 ಜೊತೆ ಬಟ್ಟಲುಗಳಿರುವ ಕಟ್ಟೆಯಲ್ಲಿ ಗಂಟೆಗೆ ಸುಮಾರು ನೂರು ಹಸು ಕರೆಯಬಹುದು, 300ಕ್ಕೆ ಮೂರು ಗಂಟೆ. ನಿರ್ವಾತದ ಒತ್ತಡ 42 ಕಿಲೋಪಾಸ್ಕಲಿನ ಸುತ್ತ, ಮಿಡಿತ ನಿಮಿಷಕ್ಕೆ 60. ಒತ್ತಡ ಏರಿದರೆ ತೊಟ್ಟಿನ ತುದಿ ಸಿಪ್ಪೆಯೆದ್ದು ಗಟ್ಟಿಯಾಗುತ್ತದೆ, ಕೆಚ್ಚಲು ಬಾವಿಗೆ ಅದೇ ಬಾಗಿಲು. ಬಟ್ಟಲೊಳಗಿನ ರಬ್ಬರು 2,500 ಹಸು ಕರೆದ ಮೇಲೆ ಬದಲಾಗಬೇಕು. ದಿನಕ್ಕೆ ಎರಡು ಹೊತ್ತಿನಂತೆ 600 ಕರೆತ 24 ಬಟ್ಟಲಿಗೆ ಹಂಚಿದರೆ ಒಂದಕ್ಕೆ 25, ಅಂದರೆ ಸರಿಯಾಗಿ ನೂರು ದಿನ. ಹರಿದಿಲ್ಲವಲ್ಲ ಎಂದು ಆರು ತಿಂಗಳು ಎಳೆದವರು ಉಳಿಸಿದ ದುಡ್ಡನ್ನು ಆಂಟಿಬಯಾಟಿಕ್ ಅಂಗಡಿಗೆ ಕೊಡುತ್ತಾರೆ.

ಕರೆದ ಹಾಲು 35 ಡಿಗ್ರಿಯಿಂದ 4 ಡಿಗ್ರಿಗೆ ಎರಡು-ಮೂರು ಗಂಟೆಯಲ್ಲಿ ಇಳಿಯಬೇಕು. ಟ್ಯಾಂಕಿಗೆ ಹೋಗುವ ಮೊದಲು ತಟ್ಟೆಗಳ ನಡುವೆ ಒಂದು ಕಡೆ ಹಾಲು, ಇನ್ನೊಂದು ಕಡೆ ಕೊಳವೆಬಾವಿಯ ತಣ್ಣೀರು ಹರಿಸಿದರೆ ಹಾಲು ಅಲ್ಲೇ 20 ಡಿಗ್ರಿಗೆ ಬರುತ್ತದೆ, ವಿದ್ಯುತ್ ಖರ್ಚು ಅರ್ಧಕ್ಕೆ ಇಳಿಯುತ್ತದೆ. ಬೆಚ್ಚಗಾದ ಆ ನೀರು ಹಸುಗಳ ಕುಡಿಯುವ ತೊಟ್ಟಿಗೆ. ಜನರೇಟರ್ ಇಲ್ಲದೆ ಈ ದಂಧೆಗೆ ಇಳಿಯುವ ಹಾಗಿಲ್ಲ.

ಲಾಭ ಎಲ್ಲಿ

1992ರವರೆಗೆ ಶಹರಗಳ ಹಾಲಿನ ವ್ಯಾಪಾರ ಕೆಸಿಸಿಯ ಏಕಸ್ವಾಮ್ಯ. ಮಾರುಕಟ್ಟೆ ಬಿಚ್ಚಿಕೊಂಡ ಮೇಲೆ ಖಾಸಗಿ ಡೈರಿಗಳು ಎದ್ದವು, ಅವುಗಳಲ್ಲಿ ದೇಶದ ಮೊದಲ ಅಧ್ಯಕ್ಷ ಜೋಮೊ ಕೆನ್ಯಾಟ ಅವರ ಮನೆತನದ ಬ್ರೂಕ್‌ಸೈಡ್ ಎಲ್ಲಕ್ಕಿಂತ ದೊಡ್ಡದಾಯಿತು. ಕೆಸಿಸಿ ಕುಸಿದು, 2003ರಲ್ಲಿ ನ್ಯೂ ಕೆಸಿಸಿ ಎಂದು ಮತ್ತೆ ಮೇಲೆದ್ದಿತು. ಇಷ್ಟಾದರೂ ಕೀನ್ಯಾದ ಹೆಚ್ಚಿನ ಹಾಲು ಇವತ್ತಿಗೂ ಪ್ಯಾಕೆಟ್ ಸೇರದೆ ಹಸಿಯಾಗಿಯೇ ಮನೆಯಿಂದ ಮನೆಗೆ ಹೋಗುತ್ತದೆ. ಹಾಲು ಧಾರಾಳವಾಗಿ ಹೊಯ್ದು ಕುದಿಸುವ ಅಲ್ಲಿನ ಚಹಾದ ಹೆಸರೂ ನಮ್ಮ 'ಚಾಯ್'ಯೇ. ಮಳೆ ಬಂದೊಡನೆ ಹಾಲು ಉಕ್ಕಿ ಬೆಲೆ ಬೀಳುತ್ತದೆ. ಅದರ ಮೇಲೆ ಉಗಾಂಡಾದ ಅಗ್ಗದ ಹಾಲಿನ ಪೈಪೋಟಿ. ಕೆಲವು ಎಸ್ಟೇಟುಗಳು ತಾವೇ ಮೊಸರು, ಚೀಸ್ ಮಾಡಿ ಮಾರುವುದು ಇದರಿಂದ ಪಾರಾಗಲಿಕ್ಕೆ. ನೈರೋಬಿ–ನಕುರು ಹೆದ್ದಾರಿಯಲ್ಲಿ ನೈವಾಶಾ ದಾಟುವವರು ಡೆಲಾಮೇರ್ ಹೆಸರಿನ ಮೊಸರಿಗೆ ಗಾಡಿ ನಿಲ್ಲಿಸುವುದು ವಾಡಿಕೆ. ನೈರೋಬಿಗೆ ಅಂಟಿದ ಕಿಯಾಂಬು, ರುಯಿರು ಕಡೆ ಸೈಟು ಮಾಡಿ ಮಾರಿದರೆ ಹಸು ನೂರು ವರ್ಷ ಕರೆದರೂ ಸಿಗದ ದುಡ್ಡು ಸಿಗುತ್ತದೆ. ಅಲ್ಲಿನ ಫಾರ್ಮುಗಳು ಕರಗುತ್ತಿರುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಉಳಿದವರ ನಿಜವಾದ ಸರಕು ಗಬ್ಬದ ಕಡಸು. 350 ಹಸು, ಕರುವಿನಿಂದ ಕರುವಿಗೆ 410 ದಿನ ಎಂದರೆ ವರ್ಷಕ್ಕೆ 312 ಕರು, ಅರ್ಧ ಹೆಣ್ಣು, 156. ಅದರಲ್ಲಿ ಸೇಕಡಾ 85 ಕರು ಹಾಕುವ ವಯಸ್ಸಿಗೆ ಬಂದರೆ 133. ಮುದಿಯಾದ, ಗಬ್ಬ ನಿಲ್ಲದ ಹಸುಗಳ ಜಾಗಕ್ಕೆ ಸೇಕಡಾ 25, ಅಂದರೆ 88 ಬೇಕು. ಮಿಕ್ಕ 45 ಮಾರಾಟಕ್ಕೆ. ಹುಟ್ಟಿದ ಆರು ಗಂಟೆಯೊಳಗೆ ಮೂರು-ನಾಲ್ಕು ಲೀಟರ್ ಗಿಣ್ಣು ಹಾಲು ಕುಡಿಸಲು ಮರೆತು ಕರುಗಳ ಸಾವು ಸೇಕಡಾ 15ರಿಂದ 30ಕ್ಕೆ ಏರಿತೆನ್ನಿ, ಮಾರಲು ಉಳಿಯುವುದು 21. ಇಡೀ ವರ್ಷದ ಲಾಭ ರಾತ್ರಿ ಪಾಳಿಯ ಒಬ್ಬ ಕೆಲಸಗಾರನ ಕೈಯಲ್ಲಿದೆ.

ಎಲ್ಲರಿಗೂ ಫ್ರೀಸಿಯನ್ ಬೇಡ. ಒಣಸೀಮೆಯ ಪಶುಪಾಲಕರು ಕೇಳುವುದು ಸಾಹಿವಾಲ್. 1939ರಿಂದ 1960ರ ದಶಕದವರೆಗೆ ನಮ್ಮ ಉಪಖಂಡದಿಂದ ಹೋದ ಹೋರಿಗಳ ಸಂತತಿ ಅದು, ನೈವಾಶಾದ ಸರ್ಕಾರಿ ಕೇಂದ್ರದಲ್ಲಿ ಇಂದಿಗೂ ಅದರ ಮೂಲ ಹಿಂಡಿದೆ.

ಕಡಸು ಕೊಳ್ಳುವವನು ಹೆತ್ತವಳ ಹಾಲಿನ ದಾಖಲೆ ಕೇಳುತ್ತಾನೆ, ಹಲ್ಲು ನೋಡುತ್ತಾನೆ, ಗಬ್ಬ ಐದಾರು ತಿಂಗಳದ್ದೇ ಎಂದು ಪರೀಕ್ಷಿಸಿಕೊಳ್ಳುತ್ತಾನೆ. ಕೇಳಲು ಮರೆಯುವ ಪ್ರಶ್ನೆ ಇನ್ನೊಂದಿದೆ. ಹುಟ್ಟಿದಾಗಿನಿಂದ ವಾರಕ್ಕೆರಡು ಸಲ ಔಷಧಿಯಲ್ಲಿ ಮಿಂದು, ಒಂದೂ ಉಣ್ಣೆ ಕಚ್ಚದೆ ಬೆಳೆದ ಕಡಸಿನ ಮೈಯಲ್ಲಿ ಉಣ್ಣೆ ಜ್ವರ ತಡೆಯುವ ಶಕ್ತಿ ಚೂರೂ ಇರುವುದಿಲ್ಲ. ಅಷ್ಟು ಚೆನ್ನಾಗಿ ಸಾಕಿದ್ದರಿಂದಲೇ ಅದು ಸಣ್ಣ ರೈತನ ಕೊಟ್ಟಿಗೆಯಲ್ಲಿ ಮೂರು ವಾರದಲ್ಲಿ ಸಾಯಬಹುದು. ಹಾಗಾಗಿ ಮಾರುವ ಕಡಸುಗಳಿಗೆ ಕರುವಾಗಿದ್ದಾಗಲೇ ಮುಗುಗಾ ಲಸಿಕೆ ಹಾಕಿಸಿ ಕಿವಿಗೆ ಲಸಿಕೆಯ ಗುರುತಿನ ಓಲೆ ತೊಡಿಸಿರಬೇಕು. ಓಲೆ ಇಲ್ಲದಿದ್ದರೆ ಲಾರಿ ಹತ್ತಿಸುವ ಮೊದಲೇ ಬೆಲೆಯಲ್ಲಿ ಅದಕ್ಕೆ ತಕ್ಕಷ್ಟು ಇಳಿಸಿಕೊಳ್ಳಬೇಕು, ಮನೆಗೆ ಬಂದ ಮೇಲೆ ಒಂದು ತಿಂಗಳು ದಿನಾ ಬೆಳಿಗ್ಗೆ ಜ್ವರ ನೋಡಿ, ಕಿವಿಯ ಬುಡ ಮುಟ್ಟಿ ನೋಡಬೇಕು. ಉಷ್ಣತೆ 39.5 ಡಿಗ್ರಿ ದಾಟಿ, ಕೈಗೆ ಗಂಟು ಸಿಕ್ಕಿತೆಂದರೆ ವೈದ್ಯರಿಗೆ ಫೋನು ಅದೇ ಹೊತ್ತಿಗೆ ಹೋಗಬೇಕು, ಸಂಜೆಗಲ್ಲ.